ಕಂಡಕ್ಟರನ ಹೆಗಲು ನೋವು

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಕಂಡಕ್ಟರನ ಬಾಯಿಯೂ ಹಾಗೇ. ಬಸ್ಸು ಬಿಟ್ಟು ವರ್ಷಗಳಾದರೂ ಬೈಯುವುದನ್ನು ಬಿಟ್ಟಿರಲಿಲ್ಲ. ಬಸ್ಸಿನಲ್ಲಾದರೆ ಬೈಸಿಕೊಳ್ಳಲು ಜನರಿದ್ದರು. ಟಿಕೆಟ್ ಕೊಡುತ್ತ ಗುಂಪಿನೊಳಗೆ ನುಗ್ಗುವಾಗ ಮೈಗೆ ಮೈ ತಾಗದ ದಿನವೇ ಇರಲಿಲ್ಲ. ಈಗ ಮಗಳ ಮನೆಯಲ್ಲಿ ಕಾಫಿ ಲೋಟ ಕೂಡ ಸ್ಟೂಲಿನ ಮೇಲೆ ಕೂರುತ್ತಿತ್ತು, ಕೈಗೆ ಬರುತ್ತಿರಲಿಲ್ಲ. ಹೆಂಡತಿ ಹೋದ ಮೇಲೆ ಅವನನ್ನು ಮುಟ್ಟುತ್ತಿದ್ದವಳು ವಾರಕ್ಕೊಮ್ಮೆ ಬರುವ ಮಾಲೀಶಿನವಳೊಬ್ಬಳೇ.

ಅವಳನ್ನು ಕರೆಸಿದ್ದು ಬಲ ಹೆಗಲ ನೋವಿಗೆ. ಟಿಕೆಟ್ ಚೀಲ ತೂಗಿ ತೂಗಿ ಜಗ್ಗಿದ ಹೆಗಲು ಅದು. ಅವಳು ಅಂಗೈಗೆ ಎಣ್ಣೆ ಹಚ್ಚಿಕೊಂಡು, ಹೆಬ್ಬೆರಳಿನಿಂದ ಗಂಟು ಹುಡುಕಿ ಒತ್ತಿದರೆ ಮುದುಕನ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ನಿಜ ಹೇಳಬೇಕೆಂದರೆ ನೋವು ಎಂದೋ ಓಡಿಹೋಗಿತ್ತು. ಆದರೆ ಹೋಯಿತು ಎಂದರೆ ಇವಳೂ ಹೋಗುತ್ತಾಳಲ್ಲ! ಅದಕ್ಕೇ ಅವನು ಪ್ರತಿ ಸಲ ಬಾಯಿ ಮಾಡುತ್ತಿದ್ದ.

“ಇದೂ ಒಂದು ಒತ್ತೋದಾ? ಮೈಯಲ್ಲಿ ಜೀವ ಇಲ್ವಾ ನಿಂಗೆ?”

“ನಿಮ್ಮ ಜೀವ ತೆಗೆಯೋಷ್ಟಿದೆ. ಅಲ್ಲಾಡ್ಬೇಡಿ ಯಜಮಾನ್ರೇ” ಎಂದು ಅವಳು ಇನ್ನೂ ಜೋರಾಗಿ ಒತ್ತುತ್ತಿದ್ದಳು. ಅವನಿಗೆ ಪರಮಸುಖ.

ಈ ಗುಟ್ಟು ಮಗಳಿಗೆ ಹೇಗೆ ಗೊತ್ತಾಗಬೇಕು? ವಾರವಾರವೂ ಅದೇ ರಗಳೆ ಕೇಳಿ ಅವಳ ತಲೆ ಚಿಟ್ಟು ಹಿಡಿದಿತ್ತು. ಅದೇ ಮಾಲೀಶಿನವಳನ್ನು ಕರೆಸುತ್ತಿದ್ದ ಎದುರುಮನೆಯಾಕೆಯ ಹತ್ತಿರವೂ ದೂರಿದಳು. ಕೊನೆಗೊಂದು ಸಂಜೆ ಮಾಲೀಶಿನವಳನ್ನು ಬಾಗಿಲಲ್ಲೇ ತಡೆದು, “ನಿನ್ನ ಕೈಯಲ್ಲಿ ಆಗಲ್ಲಮ್ಮ. ಇನ್ಮೇಲೆ ಬರ್ಬೇಡ” ಎಂದುಬಿಟ್ಟಳು.

ಒಳಗೆ ಅಂಗಿ ಕಳಚಿ ಕಾದಿದ್ದ ಮುದುಕ ಬನಿಯನ್ನಿನಲ್ಲೇ ಓಡಿ ಬಂದ.

“ಏನೇ ನಿಂದು ಯಜಮಾನಿಕೆ? ನೋವು ಯಾವತ್ತೋ ಹೋಯ್ತು ಕಣೇ!”

“ಹೋಗಿದ್ರೆ ಇವಳ್ಯಾಕೆ ಬರ್ಬೇಕಪ್ಪಾ?”

ಟಿಕೆಟಿಲ್ಲದೆ ಸಿಕ್ಕಿಬಿದ್ದವನ ಹಾಗೆ ಕಂಡಕ್ಟರ್ ತಬ್ಬಿಬ್ಬಾದ. ಆಮೇಲೆ ಕಿರುಚಿದ: “ಯಾಕೆ ಅಂದ್ರೆ? ಈ ಮನೇಲಿ ನನ್ನ ಮುಟ್ಟೋರು ಯಾರಿದ್ದಾರೆ?”

ಮಾಲೀಶಿನವಳು ಮುದುಕನ ಕಡೆ ತಿರುಗಿದಳು.

“ಚೆನ್ನಾಗಿದೆ ಕಣ್ರೀ! ನಿಮ್ಮ ಗೋಳು ಕೇಳಿ ಎದುರುಮನೆಯವ್ರೂ ನನ್ನ ಬಿಟ್ರು. ಸುಖ ನಿಮ್ಗೆ, ಕೆಟ್ಟ ಹೆಸರು ನಂಗಾ? ಇನ್ನು ಕೈಮುಗಿದು ಕರೆದ್ರೂ ಬರಲ್ಲ.” ಕೈಯಲ್ಲಿದ್ದ ಎಣ್ಣೆ ಬಾಟಲಿಯನ್ನು ಚೀಲಕ್ಕೆ ತುರುಕಿದವಳು ತಿರುಗಿಯೂ ನೋಡದೆ ಮೆಟ್ಟಿಲಿಳಿದಳು.

ಮುದುಕ ಬಂದು ಕುರ್ಚಿಯಲ್ಲಿ ಕುಸಿದ. ಮಗಳು ಹಿಂದೆ ಮುಂದೆ ನೋಡಿ ನೋಡಿ, ಕೊನೆಗೆ ಹತ್ತಿರ ಬಂದು ಅವನ ಹೆಗಲ ಮೇಲೆ ಕೈಯಿಟ್ಟಳು. ಮೆಲ್ಲಗೆ ಒತ್ತಿದಳು. ಕೈ ಬೆಚ್ಚಗಿತ್ತು. ಈ ಕೈ ನಾಳೆಯೂ ಬರಲಿ, ನಾಡಿದ್ದೂ ಬರಲಿ ಎಂದು ಅವನ ಜೀವ ಹಾತೊರೆಯಿತು. ಹಾಗೆ ಹಾತೊರೆದಾಗ ಆ ಹಾಳು ಬಾಯಿಗೆ ಬರುತ್ತಿದ್ದುದು ಒಂದೇ ಮಾತು.

“ಇದೂ ಒಂದು ಒತ್ತೋದಾ?”

ಮಗಳು ಕೈ ತೆಗೆದು ಒಳಗೆ ಹೋದಳು.