ಬೀರಿನ ಪೀಪಾಯಿಗೆ ಅವ್ವ ಹಾಕಿದ ತೀರ್ಥ

ಅಣ್ಣ ಬೀರಿನ ಪೀಪಾಯಿ ತಂದ ದಿನ ನನ್ನ ಡೈರಿಯಲ್ಲಿ ಒಂದೇ ಸಾಲಿದೆ: ‘ಅಣ್ಣ ಅಂಗಡಿ ಬಾಗಿಲು ತೆಗೆದ.’ ಪೀಪಾಯಿಯ ಮಾತೇ ಇಲ್ಲ. ಆ ದಿನ ನನಗೆ ಬಾಗಿಲು ತೆಗೆದದ್ದೇ ದೊಡ್ಡದಾಗಿ ಕಂಡಿರಬೇಕು.

ಮುದ್ದೇಬಿಹಾಳದಲ್ಲಿ ಅಣ್ಣನದು ವೆಲ್ಡಿಂಗ್ ಅಂಗಡಿ. ಹಿಂದಿನ ವರ್ಷ ಅವನಿಗೆ ಲಕ್ವಾ ಹೊಡೆದು ಎಂಟು ತಿಂಗಳು ಅಂಗಡಿಗೆ ಬೀಗ ಬಿದ್ದಿತ್ತು. ಎಡಗೈ ಮೆಲ್ಲಗೆ ಸ್ವಾಧೀನಕ್ಕೆ ಬಂತು. ನೆನಪು ಪೂರ್ತಿ ಬರಲಿಲ್ಲ. ಖಾಲಿ ಕಪ್ಪನ್ನು ಕೈಯಲ್ಲಿ ಹಿಡಿದುಕೊಂಡೇ ಚಹಾ ಆಗಲಿಲ್ಲವೇ ಎಂದು ಕೇಳುತ್ತಿದ್ದ. ಮೊದಮೊದಲು ನಾವೂ ನಕ್ಕೆವು, ಅವನೂ ನಕ್ಕ. ಆಮೇಲೆ ಕೇಳುವುದನ್ನು ಬಿಟ್ಟ. ಅಡುಗೆಮನೆಗೆ ಬಂದು, ಸೋಸಿದ ಚಹಾಪುಡಿ ಇನ್ನೂ ಬಿಸಿಯಿದೆಯೋ ಎಂದು ಬೆರಳಿನಿಂದ ಮುಟ್ಟಿ ನೋಡಿ, ಬಿಸಿಯಿದ್ದರೆ ಚಹಾ ಆಗಿದೆ ಎಂದುಕೊಂಡು ಹೋಗುತ್ತಿದ್ದ. ಮನೆಯಲ್ಲಿ ಇದ್ದದ್ದು ನಾವು ಮೂವರೇ, ಅವ್ವ, ಅಣ್ಣ, ನಾನು. ಅವನು ಹಾಗೆ ಮುಟ್ಟಿ ನೋಡುವಾಗ ನಾವಿಬ್ಬರೂ ಬೇರೆ ಕಡೆ ನೋಡುತ್ತಿದ್ದೆವು.

ಅಪ್ಪನ ಕಾಲದ ಡೀಸೆಲ್ ಜೀಪು ಅಂಗಡಿಯ ಮುಂದೆ ನಿಂತಲ್ಲೇ ನಿಂತು, ಅದರ ಟ್ಯಾಂಕಿನ ತಳವನ್ನು ತುಕ್ಕು ತಿಂದಿತ್ತು. ಆ ಮಾಡೆಲ್ಲಿನ ಟ್ಯಾಂಕು ಈಗ ಸಿಗುವುದಿಲ್ಲ. ಅಷ್ಟರಲ್ಲಿ ಗುಜರಿ ಅಂಗಡಿಯ ಚಾಚಾ ಸೊಲ್ಲಾಪುರದಲ್ಲಿ ಮುಚ್ಚಿದ ಯಾವುದೋ ಹೋಟೆಲಿನ ಸಾಮಾನು ತಂದ. ಅದರಲ್ಲಿ ಸ್ಟೀಲಿನ ಒಂದು ಬೀರಿನ ಪೀಪಾಯಿ ಇತ್ತು. ಅಣ್ಣ ಅದನ್ನು ಬೆರಳ ಗಿಣ್ಣಿನಿಂದ ತಟ್ಟಿದ, ಕಿವಿಗೊಟ್ಟ, ಮತ್ತೆ ತಟ್ಟಿದ, ಜೀಪಿನ ಟ್ಯಾಂಕಿಗೆ ಇದೇ ಆದೀತು ಎಂದ.

“ಒಯ್ರಿ ಮಿಸ್ತ್ರಿ, ಜೀಪಿಗೇ ಕುಡಸ್ರಿ,” ಎಂದ ಚಾಚಾ. “ಇನ್ನ ಮ್ಯಾಲ ಪೊಲೀಸ್ರು ನಿಮ್ಮನ್ನಲ್ಲ, ಜೀಪನ್ನ ಊದಸ್ತಾರ ನೋಡ್ರಿ.”

ಅವ್ವ ನಗಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿದವಳು. ಸೆರೆ-ಸಾರಾಯಿಯ ಅಂಗಡಿ ಬಂದರೆ ರಸ್ತೆಯ ಆಚೆ ಬದಿಗೆ ಸರಿದು ನಡೆಯುವವಳು. ಸೆರಗನ್ನು ಮೂಗಿಗೆ ಹಿಡಿದು ಒಳಗೆ ಹೋದಳು. ಅಣ್ಣನಿಗೆ ಮಾತ್ರ ಏನೂ ಅನ್ನಲಿಲ್ಲ, ಯಾಕೆಂದರೆ ಅವನು ಸಿಳ್ಳೆ ಹಾಕುತ್ತಿದ್ದ. ಎಂಟು ತಿಂಗಳಲ್ಲಿ ಅದೇ ಮೊದಲು.

ಮರೆವಿಗೆ ಅವನೇ ಒಂದು ಉಪಾಯ ಮಾಡಿಕೊಂಡಿದ್ದ. ಮಾಡಬೇಕಾದ ಕೆಲಸಗಳನ್ನೆಲ್ಲ ಸೀಮೆಸುಣ್ಣದಿಂದ ಅಂಗಡಿಯ ಗೋಡೆಯ ಮೇಲೆ ಸಾಲಾಗಿ ಬರೆದ. ಒಂದೊಂದು ಮುಗಿದ ಹಾಗೆ ಅದರ ಮುಂದೆ ಗೀಟು. ಒಳಗೆ ಉಳಿದಿದ್ದ ಗಾಳಿ ಬಿಟ್ಟ, ಗೀಟು. ಬಾಯಿಯ ವಾಲ್ವು, ಕೊಳವೆ ಕಳಚಿದ, ಗೀಟು. ಸೋಡಾ ಹಾಕಿದ ಬಿಸಿನೀರಿನಲ್ಲಿ ಮೂರು ಸಲ ತೊಳೆದ. ಒಂದು ತುದಿ ಕತ್ತರಿಸಿ, ಡೀಸೆಲ್ ತುಳುಕಬಾರದೆಂದು ಒಳಗೆ ತೂತಿನ ತಗಡು ನಿಲ್ಲಿಸಿ, ತುದಿಯನ್ನು ಮತ್ತೆ ಆರ್ಗನ್ ವೆಲ್ಡಿಂಗಿನಲ್ಲಿ ಸುತ್ತಲೂ ಮುಚ್ಚಿದ. ತುಂಬಿಸಲು ಒಂದು ಬಾಯಿ, ಎಂಜಿನ್ನಿಗೆ ಹೋಗಲು ಒಂದು ಕೊಳವೆ, ಮರಳಿ ಬರಲು ಇನ್ನೊಂದು, ಉಸಿರಿಗೆ ಸಣ್ಣದೊಂದು. ಕಡೆಗೆ ಸೈಕಲ್ ಪಂಪಿನಿಂದ ಗಾಳಿ ಹೊಡೆದು, ಬೆಸುಗೆಯ ಮೇಲೆಲ್ಲ ಸಾಬೂನಿನ ನೊರೆ ಬಳಿದು ನನ್ನನ್ನು ಕರೆದ.

“ನೋಡು ತಂಗಿ. ಒಂದರೆ ಗುಳ್ಳಿ ಕಾಣತೈತೇನು?”

ನಾನು ಮೊಣಕಾಲೂರಿ ಸುತ್ತಲೂ ನೋಡಿದೆ. ಒಂದೂ ಇರಲಿಲ್ಲ. ಅವನು ತನ್ನ ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಟ್ಯಾಂಕು ಓಡಿದರೆ ಅಂಗಡಿ ಮೊದಲಿನಂತೆ ನಡೆಸುತ್ತೇನೆ, ಇಲ್ಲದಿದ್ದರೆ ಬೀಗದ ಕೈ ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದು ಅವತ್ತೇ ಹೇಳಿದ. ನಗುತ್ತಾ ಹೇಳಿದನೋ ಗಂಭೀರವಾಗಿ ಹೇಳಿದನೋ, ಎರಡೂ ಥರ ನನಗೆ ಕೇಳಿಸುತ್ತದೆ.

ಪೀಪಾಯಿಯನ್ನು ಹಿಂದಿನ ಸೀಟಿನ ಅಡಿಗೆ ಬಿಗಿದ ಮೇಲೆ ಜೀಪು ಮೂರು ದಿನ ಪೇಟೆಯಲ್ಲಿ ಚೆನ್ನಾಗಿಯೇ ಓಡಾಡಿತು. ನಾಲ್ಕನೆಯ ದಿನ ಅಮಾವಾಸ್ಯೆ. ಪ್ರತಿ ಅಮಾವಾಸ್ಯೆಗೆ ಅವ್ವ ತಂಗಡಗಿಗೆ ಹೋಗಿ ಹೊಳೆಯಲ್ಲಿ ಮಿಂದು, ಗುಡಿಗೆ ನಡೆದು, ಒಂದು ತಂಬಿಗೆ ನೀರು ತುಂಬಿಕೊಂಡು ಬರುತ್ತಾಳೆ. ಈ ಸಲ ಬಸ್ಸು ಬೇಡ, ಜೀಪಿನಲ್ಲಿ ನಾನೇ ಕರೆದೊಯ್ಯುತ್ತೇನೆ ಎಂದ ಅಣ್ಣ. ಅವ್ವ ಹೂಂ ಅಂದಳು. ಹಿಂದಿನ ದಿನ ಮಧ್ಯಾಹ್ನ ಅವನು ಊಟ ಮಾಡಿ ಮಲಗಿದಾಗ ನನ್ನನ್ನು ಹೊರಗೆ ಕರೆದಳು. ಕೈಯಲ್ಲಿ ಹೋದ ಅಮಾವಾಸ್ಯೆಯ ಹೊಳೆ ನೀರಿನ ತಂಬಿಗೆ, ಅಂಗೈಯಲ್ಲಿ ವಿಭೂತಿ.

“ಸೆರೇದ ಡಬ್ಬಿ ಮ್ಯಾಲ ನಾ ಹ್ಯಾಂಗ ಕುಂದರಲೆವ್ವಾ? ಬರಂಗಿಲ್ಲ ಅಂದ್ರ ಅಂವಾ ಸಣ್ಣ ಮಾರಿ ಮಾಡತಾನ. ತೀರ್ಥ ಬಿದ್ರ ಶುದ್ಧ ಆಕ್ಕೈತಿ. ಮುಚ್ಚಳಾ ತಗಿ, ನನ್ನ ಕೈಲೆ ತಿರಗವಲ್ದು.”

ಮುಚ್ಚಳ ತಿರುಗಿಸಿದ್ದು ನಾನು. ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ ಎಂ.ಎಸ್ಸಿ. ಮಾಡಿದವಳು, ನಿಡಗುಂದಿಯ ಶಾಲೆಯಲ್ಲಿ ಎಣ್ಣೆ ಮೇಲೆ, ನೀರು ಕೆಳಗೆ ಎಂದು ಗಾಜಿನ ಲೋಟ ಹಿಡಿದು ತೋರಿಸುವವಳು. ಮೂರು ಹನಿಯಲ್ಲಿ ಏನಾದೀತು ಎಂದುಕೊಂಡೆ. ಹಾಗೆಂದುಕೊಂಡದ್ದು ಸ್ಪಷ್ಟ ನೆನಪಿದೆ. ಆದರೆ ಅವ್ವ ಸುರಿದದ್ದು ಎಷ್ಟು? ಒಮ್ಮೆ ನೆನೆದರೆ ಬೆರಳು ಅದ್ದಿ ಮೂರು ಸಲ ಚಿಮುಕಿಸುವ ಕೈ ಕಾಣುತ್ತದೆ. ಇನ್ನೊಮ್ಮೆ ನೆನೆದರೆ ಬಾಗಿದ ತಂಬಿಗೆ, ಗಳಗಳ ಸದ್ದು. ನಾನು ಆ ಹೊತ್ತಿನಲ್ಲಿ ಅಣ್ಣ ಎದ್ದು ಬರುತ್ತಾನೇನೋ ಎಂದು ಬಾಗಿಲ ಕಡೆ ನೋಡುತ್ತಿದ್ದೆ.

ಮರುದಿನ ಜೀಪು ಊರು ದಾಟುವವರೆಗೆ ಸರಿಯಾಗಿತ್ತು. ತಂಗಡಗಿಯ ದಾರಿಯಲ್ಲಿ ಡಾಂಬರು ಕಿತ್ತ ಕಡೆ ಕುಲುಕಾಟ ಶುರುವಾಯಿತು. ಎಂಜಿನ್ನು ಕೆಮ್ಮಿತು, ಬಿಕ್ಕಿತು, ನಿಂತುಬಿಟ್ಟಿತು. ಅಣ್ಣ ಇಳಿದು ಫಿಲ್ಟರ್ ಬಿಚ್ಚಿ, ಅದರಲ್ಲಿದ್ದುದನ್ನು ನನ್ನ ನೀರಿನ ಬಾಟಲಿಗೆ ಬಗ್ಗಿಸಿ ಬಿಸಿಲಿಗೆ ಹಿಡಿದ. ಮೇಲೆ ಹಳದಿ ಡೀಸೆಲ್, ಕೆಳಗೆ ತಿಳಿನೀರು, ನಡುವೆ ನೇರ ಗೆರೆ. ಬೈಕಿನ ಮೇಲೆ ಬಂದ ಒಬ್ಬ ನಿಲ್ಲಿಸಿ, ಪೀಪಾಯಿ ನೋಡಿ, ರಾತ್ರಿದು ಇನ್ನೂ ಇಳಿದಿಲ್ಲೇನ್ರಿ ಎಂದು ಕೇಳಿ ಹೋದ.

ಅಣ್ಣನಿಗೆ ಅದು ಕೇಳಿಸಿದಂತಿರಲಿಲ್ಲ. “ತೊಳದ ಮ್ಯಾಲ ಒಣಗಿಸೇ ಇಲ್ಲ ನಾ,” ಎಂದ. ನನ್ನ ಕಡೆ ತಿರುಗಿ, “ಒಣಗಿಸೇನೇನು?” ಎಂದು ಕೇಳಿದ.

ನಾನು ಅವ್ವನನ್ನು ನೋಡಿದೆ. ಅವ್ವ ಪೀಪಾಯಿಯನ್ನು ನೋಡುತ್ತಿದ್ದಳು. ಅವಳ ಮುಖದಲ್ಲಿ ಅಳುಕು ಇರಲಿಲ್ಲ. ಹೊಳೆ ನೀರು ಕೆಡಿಸುತ್ತದೆ ಎಂಬುದು ಅವಳಿಗೆ ಹೊಳೆಯುವ ಮಾತೇ ಅಲ್ಲ. ತೀರ್ಥ ಬಿದ್ದರೂ ಸೆರೆಯ ದೋಷ ಹೋಗಲಿಲ್ಲವಲ್ಲ ಎಂದಷ್ಟೇ ನೊಂದಿದ್ದಳು. ಜೀಪನ್ನು ಅಲ್ಲೇ ಬಿಟ್ಟೆವು. ಬಂದ ಟಂಟಂ ಆಟೋ ಹತ್ತಿ ಮೂವರೂ ಊರಿಗೆ ಮರಳಿದೆವು.

ಅಣ್ಣ ಮನೆಗೂ ಬರದೆ ನೇರ ಅಂಗಡಿಗೆ ಹೋದ. ನಾನು ಹಿಂದೆಯೇ ಹೋದೆ. ಗೋಡೆಯ ಸಾಲಿನಲ್ಲಿ ಎಲ್ಲದರ ಮುಂದೆಯೂ ಗೀಟು ಇತ್ತು. ‘ಒಣಗಿಸು’ ಎಂಬುದರ ಮುಂದೆ ಮಾತ್ರ ಇರಲಿಲ್ಲ. ಅವನು ಒಣಗಿಸಿ ಗೀಟು ಹಾಕಲು ಮರೆತಿರಬಹುದು. ನಾನು ಆ ವಾರ ಒಂದು ಸಂಜೆ ಬ್ಲೋವರಿನ ಸದ್ದು ಕೇಳಿದ್ದೆ. ಆದರೆ ಅಂಗಡಿಯ ಧೂಳು ಹಾರಿಸಲು ಅವನು ದಿನಾ ಸಂಜೆ ಬ್ಲೋವರ್ ಹಾಕುತ್ತಿದ್ದ.

ಒಂದು ವಾರ ಕಳೆದು ತೀರ್ಥದ ವಿಷಯ ಅಣ್ಣನಿಗೆ ಹೇಳಿದೆ. ಅಷ್ಟು ದಿನ ಯಾಕೆ ಬೇಕಾಯಿತು ಎಂದು ಈಗಲೂ ಕೇಳಿಕೊಳ್ಳುತ್ತೇನೆ. ಅವ್ವನನ್ನು ಉಳಿಸಲು ಎಂದುಕೊಳ್ಳುವುದು ಸುಲಭ. ಮುಚ್ಚಳ ತೆಗೆದವಳು ನಾನೇ ಎಂಬುದನ್ನೂ ಹೇಳಿದೆ. ಅಣ್ಣ ಸಿಟ್ಟಾಗಲಿಲ್ಲ. ಸಿಟ್ಟಾಗಲಿ ಎಂದು ನಾನು ಕಾದೆ.

“ಎಷ್ಟ ನೀರು?” ಎಂದ.

ನಾನು ತಡವರಿಸಿದೆ. ಒಂದು ತಂಬಿಗೆ ಎನ್ನಬಹುದಿತ್ತು. ಫಿಲ್ಟರಿನಿಂದ ಬಿದ್ದ ನೀರು ನೋಡಿದರೆ ಅಷ್ಟಾದರೂ ಇರಲೇಬೇಕು ಎಂದು ನನ್ನ ಲೆಕ್ಕ. ಆದರೆ ಅದು ಆಮೇಲೆ ಮಾಡಿದ ಲೆಕ್ಕ, ಕಂಡದ್ದಲ್ಲ. ನಾನು ತಡವರಿಸಿದ ಆ ಒಂದು ಗಳಿಗೆಯನ್ನು ಅವನು ನೋಡಿದ. ಅವ್ವನನ್ನು ಕರೆದು ಕೇಳಿದ. ಅವ್ವ ಮುಚ್ಚಿಡಲಿಲ್ಲ, ಹಾಕಿದ್ದು ಹೌದು, ತೀರ್ಥ ಎಷ್ಟು ಹಾಕುತ್ತಾರೋ ಅಷ್ಟು, ಮೂರು ಹನಿ ಎಂದಳು. ಅವಳು ಸುಳ್ಳು ಹೇಳುವವಳಲ್ಲ. ತಾನು ಹೇಳಿದ್ದನ್ನು ಅವಳು ನಂಬಿದ್ದಳು.

ನಾನು ಒಳಗೆ ಹೋಗಿ ಡೈರಿ ತಂದೆ. ಅಮಾವಾಸ್ಯೆಯ ಹಿಂದಿನ ದಿನದ ಪುಟ. ‘ಅವ್ವ ಟ್ಯಾಂಕಿಗೆ ತೀರ್ಥ ಹಾಕಿದಳು. ಅಣ್ಣನಿಗೆ ಹೇಳಿಲ್ಲ.’ ಅಣ್ಣ ಬೆರಳಿಟ್ಟು ಓದಿದ, ಹಾಳೆಯ ಹಿಂದುಗಡೆಯನ್ನೂ ತಿರುಗಿಸಿ ನೋಡಿದ.

“ಎಷ್ಟ ಅಂತ ಬರದಿಲ್ಲಲ್ಲ, ತಂಗಿ.”

“ಅಣ್ಣಾ, ಖರೇನ ಹೇಳಾಕತ್ತೇನಿ. ನೀ ಒಣಗಿಸಿದ್ದಿ.”

“ನೀ ನೋಡಿಯೇನು?”

ನೋಡಿರಲಿಲ್ಲ.

“ನನ್ನ ಸಮಾಧಾನಕ್ಕ ಹೇಳಾಕತ್ತಿ, ಗೊತ್ತೈತಿ,” ಎಂದ. ದನಿ ಮೆತ್ತಗಿತ್ತು. “ಇವತ್ತ ನೀರು ಮರತೇನಿ. ನಾಳೆ ಗ್ಯಾಸಿನ ಚಾವಿ ಬಂದ್ ಮಾಡೂದು ಮರತರ?”

ಅವನ ಹೆದರಿಕೆ ಸುಳ್ಳಲ್ಲ. ಅದಕ್ಕೆ ಅವನು ಕೊಟ್ಟುಕೊಂಡ ಕಾರಣ ಮಾತ್ರ ಸುಳ್ಳು. ಅಥವಾ ಸುಳ್ಳೆಂದು ನಾನು ತಿಳಿದಿದ್ದೇನೆ.

ಅಂಗಡಿಯನ್ನು ಈಗ ಬೇರೊಬ್ಬ ಮಿಸ್ತ್ರಿ ನಡೆಸುತ್ತಾನೆ. ಗೋಡೆಗೆ ಅವನು ಸುಣ್ಣ ಹೊಡೆಸಿದ. ಪೀಪಾಯಿಯನ್ನು ಅಣ್ಣ ಜೀಪಿನಿಂದ ಇಳಿಸಿ ಹಿತ್ತಲಲ್ಲಿಟ್ಟಿದ್ದಾನೆ. ಹೋದ ತಿಂಗಳು ನಾನು ಅದರ ಕೆಳಗಿನ ಕೊಳವೆಗಳಿಗೆ ಬೆಣೆ ಬಡಿದು, ಬಾಯಿತನಕ ನೀರು ತುಂಬಿಸಿ ಇಟ್ಟೆ. ಬೆಸುಗೆ ಒಂದು ಹನಿಯೂ ಸೋರಿಲ್ಲ. ಒಂದು ಬೆಳಿಗ್ಗೆ ಅಣ್ಣನನ್ನು ಕರೆದು ತೋರಿಸಿದೆ. ಅವನು ಬಗ್ಗಿ ಬೆಸುಗೆಯ ಸುತ್ತ ಎಡಗೈ ಬೆರಳು ಆಡಿಸಿದ, ಹೊರಗೆ ಒಣಗಿಯೇ ಇದೆ ಎಂದು ಒಪ್ಪಿದ. ಆಮೇಲೆ ಅಡುಗೆಮನೆಗೆ ಹೋದ. ಚಹಾಪುಡಿ ಮುಟ್ಟಿ ನೋಡಲು ಹೋಗಿದ್ದಾನೆಂದು ನನಗೆ ಗೊತ್ತಿತ್ತು. ಅವನು ಚಹಾ ಕುಡಿದಿದ್ದನೋ ಇಲ್ಲವೋ ಎಂದು ನೆನಪಿಸಿಕೊಳ್ಳಲು ನೋಡಿದೆ. ಆಗಲಿಲ್ಲ.