ಗೊಳಸಂಗಿಯ ಕಂಬಕ್ಕೆ ಕಟ್ಟಿದ ಕೊರಡು

ಎತ್ತರವಾದದ್ದೆಲ್ಲ ಗಾಳಿಗೆ ಓಲಾಡುತ್ತದೆ. ಜೋಳದ ದಂಟು ಓಲಾಡುತ್ತದೆ, ನೂರು ಅಂತಸ್ತಿನ ಕಟ್ಟಡವೂ ಓಲಾಡುತ್ತದೆ. ಇದನ್ನು ತಿಳಿಯಲು ಡಿಗ್ರಿ ಬೇಕಿಲ್ಲ. ಆದರೆ ಡಿಗ್ರಿ ಪಡೆದವರು ಗೊಳಸಂಗಿಯಲ್ಲಿ ಎಂಬತ್ತು ಅಡಿಯ ಕಬ್ಬಿಣದ ಕಂಬ ನೆಡುವಾಗ ಇದನ್ನೇ ಮರೆತರು. ಮರೆವಿನ ಫಲ ಬಿದ್ದದ್ದು ಲಕ್ಕವ್ವನ ರೊಟ್ಟಿ ಹಿಟ್ಟಿನಲ್ಲಿ.

ಲಕ್ಕವ್ವನಿಗೆ ಆಗ ಐವತ್ತೈದು. ಸುತ್ತಲ ಹತ್ತು ಹಳ್ಳಿಯ ಪುಂಡ ದನಗಳು ಬುದ್ಧಿ ಕಲಿಯಲು ಅವಳ ಬಾಗಿಲಿಗೇ ಬರಬೇಕು. ಹಾಯುವ ಎತ್ತು, ಬೇಲಿ ಹಾರುವ ಹೋರಿ, ಯಾವುದಕ್ಕೂ ಅವಳು ಬಡಿಗೆ ಎತ್ತಿದವಳಲ್ಲ. ಕೊರಳಿಗೆ ಸರಪಳಿ ಹಾಕಿ ಒಂದು ಜಾಲಿಯ ಕೊರಡು ಜೋತು ಬಿಡುತ್ತಿದ್ದಳು, ಅಷ್ಟೇ. ದನ ಓಡಲು ಹೋದರೆ ಕೊರಡು ಮುಂಗಾಲಿಗೆ ಅಡ್ಡ ಬರುತ್ತಿತ್ತು; ಎರಡೇ ದಿನಕ್ಕೆ ದನ ಸಂಭಾವಿತ. ಗಂಡನಿಗೂ ಒಮ್ಮೆ ಕಟ್ಟಿದ್ದಳೆಂದು ಊರವರು ಆಡಿಕೊಳ್ಳುತ್ತಿದ್ದರು. ಗಂಡ ಚಂದಪ್ಪ ಅದನ್ನು ಎಂದೂ ಅಲ್ಲಗಳೆಯಲಿಲ್ಲ.

ಎರಡು ಸಾವಿರದ ಐದರ ಬೇಸಿಗೆಯಲ್ಲಿ ಹಳ್ಳಿಗೆ ಫೋನು ತರುವ ಕಂಪನಿಯೊಂದು ಅವಳ ಮನೆ ಪಕ್ಕ ಆ ಕಂಬ ನಿಲ್ಲಿಸಿತು. ಕಂಬ ಮಲಗದಿರಲೆಂದು ತಂತಿ ಬಿಗಿದು ಕಟ್ಟಿದ್ದು ಎಲ್ಲಿಗೆ? ಲಕ್ಕವ್ವನ ಗೋಡೆಗೆ. ಯಾರನ್ನು ಕೇಳಿ? ಯಾರನ್ನೂ ಅಲ್ಲ. ಆಷಾಢದ ಗಾಳಿ ಎದ್ದಿತು. ಕಂಬ ಓಲಾಡಿತು, ತಂತಿ ಜಗ್ಗಿತು, ಗೋಡೆ ನಡುಗಿತು, ತಲೆಯ ಮೇಲಿನ ಮಣ್ಣಿನ ಮಾಳಿಗೆ ಹಿಟ್ಟಿನೊಳಗೆ ಉದುರತೊಡಗಿತು. ಒಂದು ತೊಲೆ ಗೋಡೆಯಿಂದ ನಾಲ್ಕು ಬೆರಳು ಸರಿಯಿತು. ಇನ್ನು ನಾಲ್ಕು ಬೆರಳು ಸರಿದರೆ ಮಾಳಿಗೆಯೆಲ್ಲ ಒಳಗೆ ಕಟ್ಟಿದ ಎಮ್ಮೆಯ ಬೆನ್ನ ಮೇಲೆ.

ನಾಲ್ಕು ಸಲ ಹೇಳಿ ಕಳಿಸಿದ ಮೇಲೆ ಬಾಗೇವಾಡಿಯಿಂದ ಕಂಪನಿಯ ಎಂಜಿನಿಯರ್ ಬಸಂತರಾಯ ಬೈಕಿನ ಮೇಲೆ ಬಂದ. ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದ.

“ಅವ್ವಾರ, ಎತ್ತರಿದ್ದದ್ದು ಅಳ್ಳಾಡೂದ ಅದರ ಧರ್ಮ. ತೈವಾನ್ ದೇಶದಾಗ ನೂರಾ ಒಂದು ಅಂತಸ್ತಿನ ಕಟ್ಟಡ ಐತಿ. ಅದೂ ಅಳ್ಳಾಡತೈತಿ.”

“ಅಲ್ಲೀ ಮಂದಿ ಹಿಟ್ಟಿನಾಗೂ ಮಣ್ಣು ಬೀಳತೈತೇನ್ರಿ?”

“ಛೇ ಛೇ! ಅಲ್ಲಿ ತುದೀ ಹತ್ರ ಆರನೂರಾ ಅರವತ್ತು ಟನ್ನಿನ ಉಕ್ಕಿನ ಗುಂಡು ಜೋತು ಬಿಟ್ಟಾರ. ಕಟ್ಟಡ ಈ ಕಡೆ ವಾಲಿದ್ರ ಗುಂಡು ಆ ಕಡೆ ಜಗ್ಗತೈತಿ. ಡ್ಯಾಂಪರ್ ಅಂತಾರ ಅದಕ್ಕ.”

“ಅಂದ್ರ ಕಟ್ಟಡಕ್ಕ ಕೊರಡು ಕಟ್ಯಾರ.”

“ಕೊರಡಲ್ಲವ್ವಾ! ದೊಡ್ಡ ದೊಡ್ಡ ವಿಜ್ಞಾನಿಗಳು ಲೆಕ್ಕಾ ಹಾಕಿ ಮಾಡಿದ್ದದು.”

“ಆಗಲಿ ತಗೋರಿ. ನಮ್ಮ ಕಂಬದ್ದು ಎಲ್ಲೈತಿ?”

“ಅದು ಎಸ್ಟಿಮೇಟಿನಾಗಿಲ್ಲ” ಎಂದು ಬಸಂತರಾಯ ಬೈಕಿಗೆ ಕಿಕ್ ಹೊಡೆದ.

ಲಕ್ಕವ್ವ ಅವನು ಓಣಿ ದಾಟುವವರೆಗೂ ಕಾಯಲಿಲ್ಲ. ಊರ ತುಂಬ ಟೀವಿ ಆಂಟೆನಾ ಕಟ್ಟುತ್ತಿದ್ದ ಬಾಬುಲಾಲನನ್ನು ಕರೆಸಿದಳು. ಹೋರಿಗೆ ಕಟ್ಟುತ್ತಿದ್ದ ಕೊರಡುಗಳಲ್ಲೇ ದೊಡ್ಡದನ್ನು ಆರಿಸಿ, ಒಂದು ಹರಿದರೆ ಇನ್ನೊಂದಿರಲೆಂದು ಎರಡು ಸರಪಳಿ ಹಾಕಿ, ಕಂಬಕ್ಕೆ ಬಡಿಯದಂತೆ ಹಳೆಯ ಟೈರು ಸುತ್ತಿಸಿದಳು. ಬಾಬುಲಾಲ ಹಗ್ಗ ಕಟ್ಟಿಕೊಂಡು ತುದಿಗೆ ಹತ್ತಿದ. ಅವನದು ಅಚ್ಚುಕಟ್ಟು ಕೆಲಸ. ಕೊರಡನ್ನು ಕಂಬಕ್ಕೆ ಒತ್ತಿ, ತಂತಿ ಸುತ್ತಿ, ಗಟ್ಟಿಯಾಗಿ ಬಿಗಿದುಬಿಟ್ಟ. ಕಂಬ ಮೊದಲಿನಂತೆಯೇ ಓಲಾಡಿತು. ಕೆಳಗೆ ಸೇರಿದ್ದ ಮಂದಿ ನಕ್ಕಿತು.

“ಲೇ ಬಾಬು, ಅದೇನ್ ತಾಳಿ ಕಟ್ಟಾಕತ್ತಿಯೇನೋ? ಜೋತು ಬಿಡು! ಅದೂ ಅಳ್ಳಾಡಬೇಕು!” ಎಂದು ಲಕ್ಕವ್ವ ಕೂಗಿದಳು.

“ದೊಡ್ಡವ್ವಾ, ಅಳ್ಳಾಡೂದನ್ನ ನಿಲ್ಲಸಾಕ ಇನ್ನೊಂದ್ ಅಳ್ಳಾಡೂದನ್ನ ಕಟ್ತಾರೇನು?”

“ನಿಮ್ಮ ದೊಡ್ಡಪ್ಪನ್ನ ಕೇಳು!”

ಚಂದಪ್ಪ ಬೇರೆ ಕಡೆ ನೋಡಿದ.

ಲಕ್ಕವ್ವ ಗೋಡೆಗೆ ಹೊಂದಿದ ಕಟ್ಟೆಯ ಮೇಲೆ ಅಗಲವಾದ ಪರಾತದ ತುಂಬ ನೀರಿಟ್ಟು ಕೂತಳು. ಬಾಬುಲಾಲ ಸರಪಳಿಯನ್ನು ಒಂದೊಂದೇ ಕೊಂಡಿ ಸಡಿಲ ಬಿಡುತ್ತ ಬಂದ. ಐದನೆಯ ಕೊಂಡಿಗೆ ನೀರಿನ ನಡುಕ ತಗ್ಗಿತು. ಆರಕ್ಕೆ ನೀರು ಕನ್ನಡಿಯಂತೆ ನಿಂತಿತು. ಎಂಟಕ್ಕೆ ಮತ್ತೆ ಕುಣಿಯಿತು. “ಹಿಂದಕ ಬಾ, ಆರಕ್ಕ ಬಾ!” ಮೇಲೆ ಕೊರಡು ಅತ್ತಿತ್ತ ತೂಗುತ್ತಿತ್ತು, ಕಂಬ ಬುದ್ಧಿ ಬಂದ ಹೋರಿಯಂತೆ ನಿಂತಿತ್ತು. ಅಂದು ರೊಟ್ಟಿಯಲ್ಲಿ ಮಣ್ಣಿರಲಿಲ್ಲ.

ಎಂಟು ದಿನಕ್ಕೆ ಕಂಪನಿಯ ದೊಡ್ಡ ಸಾಹೇಬರು ತಪಾಸಣೆಗೆ ಬರುವ ಸುದ್ದಿ ಬಂತು. ಬಸಂತರಾಯ ಬೆಳಿಗ್ಗೆಯೇ ಓಡಿ ಬಂದು ಕೊರಡು ಬಿಚ್ಚಿಸಿದ. “ಕಂಬದ ಕೊರಳಾಗ ಕಟಿಗಿ ನೋಡಿದ್ರ ನನ್ನ ಕೊರಳಿಗೆ ಬರತೈತಿ ಯವ್ವಾ!” ಸಾಹೇಬರು ಬಂದಾಗ ಲಕ್ಕವ್ವ ಅವರನ್ನು ಚಹಾಕ್ಕೆ ಒಳಗೆ ಕರೆದು, ಆ ಸರಿದ ತೊಲೆಯ ಕೆಳಗೇ ಚಾಪೆ ಹಾಸಿದಳು. ಗಾಳಿ ಬಂತು. ತೊಲೆ ಕಿರ್ರೆಂದಿತು. ಕಪ್ಪಿನಿಂದ ಬಸಿಗೆ ಸುರಿದ ಚಹಾದಲ್ಲಿ ಹಿಡಿ ಮಣ್ಣು ಬಿತ್ತು. ಸಾಹೇಬರು ಚಪ್ಪಲಿ ಬಿಟ್ಟು ಅಂಗಳಕ್ಕೆ ಹಾರಿದರು.

“ಇದು ಮೊದಲಿಂದ್ಲೂ ಹಿಂಗ ಐತೇನು?”

“ಇಲ್ರಿ, ಮುಂಜಾನಿತನಕಾ ಸುಮ್ಮನಿತ್ರಿ. ನೀವು ಬರತೀರಂತ ಇವರು ಕೊರಡು ಬಿಚ್ಚಿಸ್ಯಾರ.”

ಅರ್ಧ ತಾಸಿನಲ್ಲಿ ಕೊರಡು ಮತ್ತೆ ಮೇಲೇರಿತು. ಕಂಬ ಸುಮ್ಮನಾಯಿತು. ಸಾಹೇಬರು ಎರಡನೆಯ ಬಸಿ ಚಹಾ ಕುಡಿದರು, ಅಂಗಳದಲ್ಲೇ ನಿಂತು.

ವರದಿಯಲ್ಲಿ ಏನು ಬರೆದರು ಗೊತ್ತೆ? “ಕಂಪನ ತಗ್ಗಿಸುವ ಸಾಧನವನ್ನು ಅಳವಡಿಸಲಾಗಿದೆ. ಎಂಜಿನಿಯರ್ ಬಸಂತರಾಯರ ಕಾರ್ಯ ಶ್ಲಾಘನೀಯ.” ಲಕ್ಕವ್ವನ ಹೆಸರಿಲ್ಲ, ಬಾಬುಲಾಲನ ಹೆಸರಿಲ್ಲ. ಸರಿದ ತೊಲೆಯ ಮಾತಂತೂ ಇಲ್ಲವೇ ಇಲ್ಲ. ಅದನ್ನು ಗಂಡ ಹೆಂಡತಿ ಹೆಗಲು ಕೊಟ್ಟು ತಾವೇ ಗೋಡೆಗೆ ಸೇರಿಸಿದರು. ವರದಿಯ ಸುದ್ದಿ ಕೇಳಿ ಲಕ್ಕವ್ವ ಅಂದದ್ದು ಇಷ್ಟೇ: “ಹೆಸರು ಅವನ ಇಟ್ಕೊಳ್ಳಲಿ. ಉಳಿದ ಕಂಬಕ್ಕೂ ಕಟ್ಟತಾನೇನು, ಕೇಳ್ರಿ.”

ಕಟ್ಟಲಿಲ್ಲ. ಅದೇ ಕಂಪನಿಯ ಅಂಥದೇ ಕಂಬಗಳು ಇಂಗಳೇಶ್ವರದಲ್ಲಿವೆ, ನಾಲತವಾಡದಲ್ಲಿವೆ, ಇಂಡಿ ಸಿಂದಗಿಯ ಹಳ್ಳಿಗಳಲ್ಲಿವೆ. ಒಂದೊಂದರ ಬುಡದಲ್ಲೂ ಒಂದು ಮಾಳಿಗೆ ಮನೆ ಇದೆ. ನಾಳೆ ಗಾಳಿ ಎದ್ದಾಗ ನಿಮ್ಮೂರಿನ ಕಂಬದ ಕೆಳಗಿನ ಮನೆಗೆ ಹೋಗಿ, ತೊಲೆಯ ಕೆಳಗೆ ಒಂದು ತಾಸು ಕೂತಿರಿ. ಕೂತು ಎದ್ದವರು ನೆಟ್ಟಗೆ ಕಂಪನಿಯ ಆಫೀಸಿಗೆ ನಡೆಯಿರಿ. ಆ ಕಂಬಕ್ಕೆ ಕೊರಡು ಬೀಳುವವರೆಗೆ ಅಲ್ಲಿಂದ ಏಳಬೇಡಿರಿ.