ಪತ್ತೇದಾರನಿಗೆ ನನ್ನ ದನಿ

ಆ ಬೆಳಿಗ್ಗೆಯೂ ಎಂದಿನಂತೆ ದೋಸೆ ಹೊಯ್ದೆ. ಅತ್ತೆಗೆ ಮೆತ್ತಗೆ, ಕಾರ್ಕಳಕ್ಕೆ ಕೆಲಸಕ್ಕೆ ಹೋಗುವ ಇವರಿಗೆ ಗರಿಗರಿ. ಮೀನಿನ ಸ್ಕೂಟರಿನ ಹಾರ್ನ್ ಕೇಳಿದ್ದೇ ಗೇಟಿಗೆ ಓಡಿ ಚಪ್ಪಾಳೆ ತಟ್ಟಿದೆ. ಕೂಗಿ ನಿಲ್ಲಿಸಲು ದನಿ ಇರಲಿಲ್ಲ. ಥೈರಾಯ್ಡ್ ಗಂಟಿನ ಆಪರೇಷನ್ ಆದಂದಿನಿಂದ ನನ್ನ ಬಾಯಿಂದ ಬರುತ್ತಿದ್ದುದು ಬರೀ ಗಾಳಿ. ಗಂಟು ಅಪಾಯದ್ದಲ್ಲ ಎಂದು ಆಗಲೇ ಗೊತ್ತಾಗಿತ್ತು. ದನಿ ಮರಳುತ್ತದೋ ಇಲ್ಲವೋ, ಅದನ್ನು ಮಣಿಪಾಲದ ಡಾಕ್ಟರು ಅಂದು ನೋಡಿ ಹೇಳಬೇಕಿತ್ತು.

ನನಗಿಂತ ಹೆಚ್ಚು ಕಾಯುತ್ತಿದ್ದವರು ಅತ್ತೆ. ಕಾಪುವಿನ ನಮ್ಮ ಮನೆಯಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಟಿವಿಯಲ್ಲಿ ಯೂಟ್ಯೂಬ್ ಹಾಕಿ ಒಂದು ಹಳೆಯ ಅಮೆರಿಕನ್ ಧಾರಾವಾಹಿ ನೋಡುವುದು ರೂಢಿ. ಅಲ್ಲಿ ಟಿವಿ ಹೊಸದಾಗಿ ಬಂದ ಕಾಲದ್ದು, ಕಪ್ಪು-ಬಿಳುಪು. ಒಬ್ಬ ಪೊಲೀಸ್ ಪತ್ತೇದಾರ ಟೋಪಿ ಕೈಯಲ್ಲಿ ಹಿಡಿದು ಮನೆ ಮನೆಗೆ ಹೋಗಿ, ಮುಖದಲ್ಲಿ ನಗುವಿಲ್ಲದೆ ಪ್ರಶ್ನೆ ಕೇಳುತ್ತಾನೆ. ಅತ್ತೆಗೆ ಇಂಗ್ಲಿಷ್ ಬಾರದು, ಕಿವಿಯೂ ಮಂದ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಇಂಗ್ಲಿಷಿನ ಬಲದಿಂದ ನಾನು ಪ್ರತಿ ಮಾತನ್ನೂ ತುಳುವಿಗೆ ತಿರುಗಿಸಿ ಗಟ್ಟಿಯಾಗಿ ಹೇಳುತ್ತಿದ್ದೆ. ಈಗ ಅದು ನಿಂತಿತ್ತು. ಅತ್ತೆ ಮುಖ ನೋಡಿಯೇ ಅಪರಾಧಿಯನ್ನು ಆರಿಸುತ್ತಿದ್ದರು.

"ಈ ತಿಂಗಳು ನನಗೆ ಒಬ್ಬ ಕಳ್ಳನೂ ಸರಿಯಾಗಿ ಸಿಗಲಿಲ್ಲ ಮಗಾ," ಎಂದಿದ್ದರು. "ನಾನು ಹೇಳಿದವನನ್ನು ಬಿಟ್ಟು ಬೇರೆ ಯಾರಿಗೋ ಬೇಡಿ ಹಾಕ್ತಾನೆ, ಮಾರಾಯ್ತಿ!"

ಮಣಿಪಾಲದಲ್ಲಿ ಡಾಕ್ಟರು ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ, "'ಈ...' ಅನ್ನಿ," ಎಂದರು. ಪರದೆಯಲ್ಲಿ ದನಿ ಹೊರಡಿಸುವ ಎರಡು ಬಿಳಿ ಎಳೆಗಳು ಹತ್ತಿರ ಬಂದವು.

"ಎರಡೂ ಚೆನ್ನಾಗಿ ಅಲ್ಲಾಡ್ತಾ ಉಂಟಲ್ಲ. ನೀವು ಹೆದರಿ ಪಿಸುಗುಡುವುದು. ಬಾಯಿ ಬಿಟ್ಟು ಮಾತಾಡಿಯಮ್ಮ."

ಉಡುಪಿಯಲ್ಲಿ ಬಸ್ಸು ಬದಲಿಸಿ ಕೂತೆ. ಉದ್ಯಾವರದ ಸೇತುವೆಯ ಹತ್ತಿರ ಕಂಡಕ್ಟರ್ ಬಂದ. "ಕಾಪು," ಎಂದೆ. ದನಿ ಒಡೆದ ಮಡಕೆಯಂತಿತ್ತು. ಆತ ಇನ್ನೊಮ್ಮೆ ಕೇಳದೆ ಟಿಕೆಟ್ ಹರಿದು ಕೊಟ್ಟ. ನಾನು ಕಿಟಕಿಯ ಕಡೆ ತಿರುಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡೆ.

ಮಧ್ಯಾಹ್ನ ಅತ್ತೆ ಊಟದ ಕೈ ತೊಳೆದು ನೇರ ಟಿವಿಯ ಮುಂದೆ ಬಂದು ಕೂತರು. ಅಂದಿನ ಕಥೆಯಲ್ಲಿ ಒಬ್ಬ ಶ್ರೀಮಂತ ವಿಧವೆಯ ಮುತ್ತಿನ ಸರ ಕಳವಾಗಿತ್ತು. ಮೊದಮೊದಲು ಪ್ರತಿ ಮಾತಿಗೂ ನನ್ನ ಗಂಟಲು ಕಿರುಗುಟ್ಟಿತು.

"ಕೇಳ್ತಾ ಉಂಟಾ ಅತ್ತೆ?"

"ಉಂಟು, ಉಂಟು. ನೀನು ಹೇಳು. ಆ ಅಡುಗೆಯವಳೇ ಅಲ್ವಾ?"

"ಅಲ್ಲ. ಕಾರಿನ ಡ್ರೈವರ್!"

"ಅವನಾ? ಎಷ್ಟು ಪಾಪದ ಮುಖ ಅವನದ್ದು!" ಅತ್ತೆ ತೊಡೆ ತಟ್ಟಿ ನಕ್ಕರು. ಕೊನೆಗೆ ಪತ್ತೇದಾರ ಅವನನ್ನು ಹೇಗೆ ಹಿಡಿದನೆಂದು ವಿವರಿಸುವಾಗ, ನಾನು ಗಂಟಲನ್ನು ಮರೆತೇಬಿಟ್ಟಿದ್ದೆ.

ಸಂಜೆ ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಕಂಪೌಂಡಿನ ಆಚೆ ಪಕ್ಕದ ಮನೆಯಾಕೆಯೂ ತಮ್ಮ ಬಟ್ಟೆ ತೆಗೆಯುತ್ತಿದ್ದರು. ಆಸ್ಪತ್ರೆಯ ಸುದ್ದಿ ನಾನಿನ್ನೂ ಅವರಿಗೆ ಹೇಳಿರಲಿಲ್ಲ. ಅವರು ಬಾಯಲ್ಲಿದ್ದ ಕ್ಲಿಪ್ ತೆಗೆದು, ಈ ಕಡೆ ನೋಡದೆಯೇ ಕೇಳಿದರು:

"ಆ ಡ್ರೈವರನ್ನು ಹಿಡಿದದ್ದು ಹೇಗೆ ಮಾರಾಯ್ತಿ? ನಮ್ಮ ಕುಕ್ಕರ್ ಕೂಗಿತು, ಅಷ್ಟು ಮಾತ್ರ ಕೇಳಲಿಲ್ಲ."